ಹಳೆಯದು ಮರೆಯಲು ಆಗುತ್ತಿಲ್ಲ, ನನ್ನ ನಂಬಿಕೆ ಕಡಿಮೆಯಾ?

ಓದುಗರ ಪ್ರಶ್ನೆ: ನಾನು ಉಡುಪಿ ಕಡೆಯವನು. ಡೊಂಬಿವಲಿಯಲ್ಲಿ ಮನೆ, ಅಂಧೇರಿಯ ಒಂದು ಕ್ಯಾಂಟೀನಿನಲ್ಲಿ ಕೆಲಸ. ಮೊದಲು ತುಂಬಾ ಕುಡಿಯುತ್ತಿದ್ದೆ. ಆಗ ಅಕ್ಕನ ಒಂದು ಚಿನ್ನದ ಬಳೆ ಅಡವಿಟ್ಟೆ, ಬಿಡಿಸಲೇ ಇಲ್ಲ. ಈಗ ಕುಡಿತ ಬಿಟ್ಟು ಎಂಟು ವರ್ಷ ಆಯಿತು. ದೇವರು ಕ್ಷಮಿಸಿದ್ದಾನೆ ಅಂತ ನಂಬಿದ್ದೇನೆ. ಆದರೂ ಆರಾಧನೆಯಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಕೈ ಚಾಚುವಾಗ ಆ ಬಳೆಯೇ ಕಣ್ಣ ಮುಂದೆ ಬರುತ್ತದೆ. ‘ಹಿಂದಿನದನ್ನು ಮರೆತುಬಿಡು, ಪೌಲನೇ ಹೇಳಿದ್ದಾನಲ್ಲ’ ಅನ್ನುತ್ತಾರೆ ಸಭೆಯವರು. ಮರೆಯಲು ಆಗುತ್ತಿಲ್ಲ. ನನ್ನ ನಂಬಿಕೆ ಗಟ್ಟಿಯಿಲ್ಲವಾ?

ಉತ್ತರ: ಸಭೆಯವರು ಹೇಳುವ ಮಾತು ಇರುವುದು ಬೈಬಲಿನಲ್ಲಿ, ಯೇಸುವಿನ ಸುವಾರ್ತೆ ಸಾರಿದ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 3ನೇ ಅಧ್ಯಾಯದಲ್ಲಿ, 13ನೇ ವಚನ. ಅವನು ಅದನ್ನು ಬರೆದದ್ದು ಸೆರೆಯಲ್ಲಿದ್ದಾಗ. ಅವನು ‘ಮರೆತು’ ಅಂದದ್ದು ನಿಜ. ಆದರೆ ಯಾವ ಅರ್ಥದಲ್ಲಿ?

ಊರಿಗೆ ಫೋನ್ ಮಾಡಿ ತಿಂಗಳುಗಟ್ಟಲೆ ಆಗಿದ್ದರೆ ಚಿಕ್ಕಮ್ಮ ಏನು ಕೇಳುತ್ತಾರೆ? ‘ಬೊಂಬಾಯಿಗೆ ಹೋಗಿ ನಮ್ಮನ್ನ ಮರೆತೇ ಬಿಟ್ಯಾ?’ ನಿಮ್ಮ ತಲೆಯಿಂದ ಅವರ ಮುಖವೇ ಅಳಿಸಿಹೋಗಿದೆ ಅಂತಲ್ಲ ಅದರ ಅರ್ಥ. ನಮ್ಮ ಕಡೆ ಗಮನ ಕೊಡುತ್ತಿಲ್ಲ ಅಂತ. ಪೌಲ ಬಳಸಿದ ಗ್ರೀಕ್ ಪದಕ್ಕೂ ಈ ಎರಡೂ ಅರ್ಥ ಇದೆ. ಇಬ್ರಿಯರಿಗೆ ಬರೆದ ಪತ್ರಿಕೆ 13:2ರಲ್ಲಿ ಅತಿಥಿ ಸತ್ಕಾರವನ್ನು ಮರೆಯಬೇಡಿ ಅನ್ನುವಲ್ಲೂ ಅದೇ ಪದ. ಪೌಲನಿಗೆ ತನ್ನ ಹಳೆಯದು ಚೆನ್ನಾಗೇ ನೆನಪಿತ್ತು. ದೇವರ ಸಭೆಯನ್ನು ಹಿಂಸೆಪಡಿಸಿದವನು ನಾನು ಅಂತ ಕೊರಿಂಥದವರಿಗೂ ಬರೆದ, ಗಲಾತ್ಯದವರಿಗೂ ಬರೆದ.

ಇನ್ನೊಂದು ವಿಷಯ. ಆ ಅಧ್ಯಾಯವನ್ನು ಮೇಲಿನಿಂದ ಓದಿ. ಪೌಲ ಮೊದಲು ನಷ್ಟ ಅಂತ ಬದಿಗಿಟ್ಟದ್ದು ತನ್ನ ದೊಡ್ಡಸ್ತಿಕೆಯನ್ನು. ಎಂಟನೇ ದಿನ ಸುನ್ನತಿ, ಬೆನ್ಯಾಮೀನನ ಕುಲ, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯರ ಪಂಗಡ. ಒಳ್ಳೇ ಬಯೋಡೇಟಾ! ನಮ್ಮಲ್ಲೂ ಇದೆ ಈ ಕಾಯಿಲೆ. ಕ್ರೈಸ್ತ ಧರ್ಮ ಸಾರಲು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮುಂಬಯಿಯಲ್ಲಿ ಆರಾಧನೆ ಮುಗಿಸಿ ಚಾ ಕುಡಿಯುವಾಗ ಇವತ್ತಿಗೂ ಯಾರಾದರೂ ಶುರುಮಾಡುತ್ತಾರೆ, ‘ನಮ್ಮ ಮುತ್ತಜ್ಜ ಮಿಷನ್ನಿನ ಹಂಚಿನ ಕಾರ್ಖಾನೆಯಲ್ಲಿ...’ ನಾನೂ ಶುರುಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ. ಹಳೆಯದನ್ನು ಬಿಡು ಅಂತ ಕುಡಿತ ಬಿಟ್ಟವನಿಗೆ ಹೇಳುವುದು ಸುಲಭ. ಮುತ್ತಜ್ಜನ ಕಥೆ ಹೇಳುವವನಿಗೆ ಯಾರೂ ಹೇಳುವುದಿಲ್ಲ.

ಲೋಕಲ್ ಟ್ರೇನಿನಲ್ಲಿ ಬ್ಯಾಗನ್ನು ಮೇಲೆ ಇಡುವ ಹಾಗೆ ಹಳೆಯ ಭಾರವನ್ನೂ ಇಳಿಸಿಬಿಡಿ ಅಂತ ಒಬ್ಬರು ಪ್ರಸಂಗ ಮಾಡಿದ್ದನ್ನು ಕೇಳಿದ್ದೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಡೊಂಬಿವಲಿ ಬಂದರೆ ಅದೇ ಬ್ಯಾಗನ್ನು ಇಳಿಸಿಕೊಳ್ಳಬೇಕು, ಊಟದ ಡಬ್ಬಿ ಅದರಲ್ಲೇ ಇರುತ್ತೆ.

ಯೋಸೇಫನನ್ನು ನೋಡಿ. ಅಣ್ಣಂದಿರು ಮಾರಿದ್ದರು, ಜೈಲಿನಲ್ಲೂ ಇದ್ದು ಬಂದ. ಐಗುಪ್ತದಲ್ಲಿ ಮೊದಲ ಮಗ ಹುಟ್ಟಿದಾಗ, ದೇವರು ನನ್ನ ಕಷ್ಟವನ್ನೆಲ್ಲ ಮರೆಯುವಂತೆ ಮಾಡಿದ ಅಂತ ಮನಸ್ಸೆ ಎಂದು ಹೆಸರಿಟ್ಟ. ದಿನಾ ಮಗನನ್ನು ಊಟಕ್ಕೆ ಕರೆದಾಗೆಲ್ಲ ಮರೆತದ್ದೇ ನೆನಪಾಗುತ್ತಿತ್ತು ಅಲ್ವಾ? ನೆನಪು ಹೋಗಿರಲಿಲ್ಲ. ಅದರ ವಿಷ ಹೋಗಿತ್ತು. ಮುಂದೆ ಅದೇ ಅಣ್ಣಂದಿರು ಬರಗಾಲದಲ್ಲಿ ಬಂದಾಗ ಧಾನ್ಯ ಕೊಟ್ಟು ಕಳಿಸಿದ.

ಯೇಸುವಿನ ಶಿಷ್ಯ ಪೇತ್ರನ ಕಥೆ ನಿಮಗೆ ಇನ್ನೂ ಹತ್ತಿರದ್ದು. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಅದು. ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿ ಕಾಯಿಸಿಕೊಳ್ಳುತ್ತಾ ನಿಂತಿದ್ದ. ಯೇಸು ಯಾರೋ ನನಗೆ ಗೊತ್ತಿಲ್ಲ ಅಂತ ಮೂರು ಸಲ ಹೇಳಿದ. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಕೆರೆ ದಡದಲ್ಲಿ ಮತ್ತೆ ಇದ್ದಲಿನ ಬೆಂಕಿ, ಅದರ ಮೇಲೆ ಮೀನು. ಇಡೀ ಹೊಸ ಒಡಂಬಡಿಕೆಯಲ್ಲಿ ಇದ್ದಲಿನ ಬೆಂಕಿ ಅನ್ನುವ ಆ ಗ್ರೀಕ್ ಪದ ಬರುವುದು ಈ ಎರಡೇ ಕಡೆ. ಆ ವಾಸನೆಗೇ ಪೇತ್ರನ ಹೊಟ್ಟೆಯಲ್ಲಿ ಸಂಕಟ ಆಗಿರಬೇಕು. ಯೇಸು ‘ಹೋಗಲಿ ಬಿಡು’ ಅನ್ನಲಿಲ್ಲ. ಮೊದಲು ಊಟ ಹಾಕಿದ. ಆಮೇಲೆ ಮೂರು ಸಲ ಕೇಳಿದ, ನನ್ನನ್ನು ಪ್ರೀತಿಸುತ್ತೀಯಾ? ಪೇತ್ರನಿಗೆ ಬೇಜಾರಾಯಿತು. ಆದರೆ ಕುರಿಗಳನ್ನು ಮೇಯಿಸುವ ಕೆಲಸ ಸಿಕ್ಕಿದ್ದೂ ಅಲ್ಲೇ.

ಈಗ ನಿಮ್ಮ ಬಳೆಗೆ ಬರೋಣ. ಮತ್ತಾಯ 5:23 ತೆಗೆಯಿರಿ. ಯಜ್ಞವೇದಿಯ ಹತ್ತಿರ ಕಾಣಿಕೆ ತಂದಾಗ, ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಂದಿಗೆ ಒಂದಾಗು ಅನ್ನುತ್ತಾನೆ ಯೇಸು. ದೇವರ ಮುಂದೆ ನಿಂತಾಗಲೇ ನೆನಪಾಗುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು. ನಿಮಗೆ ಭಾನುವಾರ ಆಗುತ್ತಿರುವುದು ಇದೇ. ಇದು ನಂಬಿಕೆ ಕಡಿಮೆಯಾದ ಗುರುತು ಅಂತ ನನಗನ್ನಿಸುವುದಿಲ್ಲ. ನಂಬಿಕೆಗೆ ಜೀವ ಇದೆ, ಅದಕ್ಕೇ ಚುಚ್ಚುತ್ತಿದೆ.

ಬಳೆ ಕೊಟ್ಟರೆ ಮಾತ್ರ ಕ್ಷಮೆ ಅಂತಲೂ ಅಲ್ಲ. ತೆರಿಗೆ ವಸೂಲಿ ಮಾಡುತ್ತಿದ್ದ ಜಕ್ಕಾಯನ ಮನೆಗೆ ಬರುತ್ತೇನೆ ಅಂತ ಯೇಸು ಮೊದಲೇ ಹೇಳಿದ್ದ. ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಕೊಡುತ್ತೇನೆ ಎಂಬ ಮಾತು ಜಕ್ಕಾಯನ ಬಾಯಲ್ಲಿ ಬಂದದ್ದು ಆಮೇಲೆ. ಅಕ್ಕನಿಗೆ ಮಾತ್ರ ‘ಹಳೆಯದೆಲ್ಲ ಬಿಟ್ಟುಬಿಡು’ ಅನ್ನಬೇಡಿ. ಆ ಮಾತು ನಷ್ಟ ಆದವರ ಬಾಯಲ್ಲಿ ಬರಬೇಕು, ಮಾಡಿದವರ ಬಾಯಲ್ಲಲ್ಲ.

ಈಗಿನ ಚಿನ್ನದ ರೇಟಿನಲ್ಲಿ ಒಂದೇ ಸಲ ಆಗುವ ಕೆಲಸವಲ್ಲ, ಗೊತ್ತು. ಕ್ಯಾಂಟೀನಿನ ಸಂಬಳದಲ್ಲಿ ತಿಂಗಳಿಗೆ ಇಷ್ಟಿಷ್ಟು ಅಂತ ಕಳಿಸಿ. ಆದರೆ ಹಣಕ್ಕಿಂತ ಮೊದಲು ಫೋನ್ ಮಾಡಿ. ಬಳೆ ಎಷ್ಟು ಗ್ರಾಂ ಇತ್ತು ಅಂತ ಅಕ್ಕನನ್ನೇ ಕೇಳಿ. ಅವರಿಗೆ ನೆನಪಿರುತ್ತದೆ.