ಬೆಳಕು ಹಿಡಿಯುವ ಕೋಶ ಸತ್ತಮೇಲೂ

1755ರಲ್ಲಿ ಫ್ರಾನ್ಸಿನ ವೈದ್ಯ ಶಾರ್ಲ್ ಲೆರುವಾ, ದೃಷ್ಟಿ ಕಳೆದುಕೊಂಡ ಯುವಕನೊಬ್ಬನ ತಲೆಗೆ ತಂತಿ ಸುತ್ತಿ ವಿದ್ಯುತ್ ಹರಿಸಿದ. ಯುವಕನಿಗೆ ಬೆಂಕಿಯ ಜ್ವಾಲೆ ಇಳಿದುಬಂದ ಹಾಗೆ ಕಂಡಿತು. ದೃಷ್ಟಿ ಮಾತ್ರ ಮರಳಲಿಲ್ಲ. ಕರೆಂಟ್ ಕೊಟ್ಟು ಮಿಂಚು ತೋರಿಸುವುದು ಅಷ್ಟೇನೂ ಕಷ್ಟವಲ್ಲ. ಕಣ್ಣಿಗೆ ಅರ್ಥವಾಗುವಂತೆ ಕೊಡುವುದೇ ಕಷ್ಟ.

ರೆಟಿನೈಟಿಸ್ ಪಿಗ್ಮೆಂಟೋಸಾದಂಥ ಕಾಯಿಲೆಯಲ್ಲಿ ರೆಟಿನಾದ, ಅಂದರೆ ಕಣ್ಣಿನ ಹಿಂಬದಿಯ ಪರದೆಯ, ಬೆಳಕು ಹಿಡಿಯುವ ಕೋಶಗಳು ಸಾಯುತ್ತವೆ. ಆದರೆ ಅವು ಕೊಟ್ಟ ಸುದ್ದಿಯನ್ನು ಮುಂದೆ ಸಾಗಿಸುತ್ತಿದ್ದ ಕೋಶಗಳಲ್ಲಿ ಎಷ್ಟೋ ಬದುಕಿರುತ್ತವೆ. ಸುದ್ದಿ ಬರದೆ ಸುಮ್ನೆ ಕೂತಿರುತ್ತವೆ, ಅಷ್ಟೇ. ಕರೆಂಟ್ ಎಬ್ಬಿಸಬೇಕಾದದ್ದು ಇವುಗಳನ್ನು.

2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ 'ಆರ್ಗಸ್ 2' ಎಂಬ ಸಾಧನ ಇದನ್ನೇ ಮಾಡಿತು. ಕನ್ನಡಕದಲ್ಲಿ ಕ್ಯಾಮೆರಾ, ರೆಟಿನಾದ ಮೇಲೆ ಕರೆಂಟ್ ಕೊಡುವ 60 ಎಲೆಕ್ಟ್ರೋಡು. ಕಾಣುತ್ತಿದ್ದದ್ದು ಬೆಳಕಿನ ಮಸುಕು ಚುಕ್ಕೆಗಳು. ಕಣ್ಣು ಹೊರಳಿಸಿದರೆ ಪ್ರಯೋಜನವಿಲ್ಲ, ಕ್ಯಾಮೆರಾ ಇರುವುದು ಕನ್ನಡಕದಲ್ಲಿ ಅಲ್ವಾ? ಹಾಗಾಗಿ ತಲೆಯನ್ನೇ ಆಚೀಚೆ ತಿರುಗಿಸುತ್ತಾ ಬಾಗಿಲಿನ ಅಂಚು ಹುಡುಕಬೇಕು. ಇನ್ನೂ ದೊಡ್ಡ ತೊಡಕು ಬೇರೆ ಇತ್ತು. ರೆಟಿನಾದಲ್ಲಿ ಕೆಲವು ಕೋಶಗಳು 'ಬೆಳಕು ಬಂತು' ಅನ್ನುತ್ತವೆ, ಕೆಲವು 'ಬೆಳಕು ಹೋಯಿತು' ಅನ್ನುತ್ತವೆ. ಎಲೆಕ್ಟ್ರೋಡು ಎರಡನ್ನೂ ಒಟ್ಟಿಗೆ ಕೆಣಕುತ್ತದೆ. ಮಿದುಳಿಗೆ ಹೋಗುವುದು ಕಲಸಿದ ಸುದ್ದಿ.

2019ರಲ್ಲಿ ಕಂಪನಿ ಆರ್ಗಸ್ 2ರ ತಯಾರಿಯನ್ನೇ ನಿಲ್ಲಿಸಿತು. ಕಣ್ಣೊಳಗೆ ಸಾಧನ ಇಟ್ಟುಕೊಂಡವರು, ಕೆಟ್ಟರೆ ರಿಪೇರಿಗೆ ಯಾರೂ ಇಲ್ಲದೆ ಉಳಿದರು. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಮೈಯೊಳಗೆ ಯಂತ್ರ ಕೂರಿಸುವವರು ಅದರ ಮುಂದಿನ ಹೊಣೆಯನ್ನೂ ಮೊದಲೇ ಬರೆದುಕೊಡಬೇಕು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ಡೇನಿಯಲ್ ಪಲಂಕರ್ ರೂಪಿಸಿದ 'ಪ್ರಿಮಾ' ಸಾಧನ ಬೇರೆ ದಾರಿ ಹಿಡಿದಿದೆ. 2 ಮಿ.ಮೀ. ಅಗಲದ ಚಿಪ್‌ನಲ್ಲಿ 378 ಪಿಕ್ಸೆಲ್. ಒಂದೊಂದೂ ಪುಟ್ಟ ಸೌರಕೋಶ. ಕನ್ನಡಕ ಕಣ್ಣಿಗೆ ಕಾಣದ ಅವಕೆಂಪು ಬೆಳಕಲ್ಲಿ ಚಿತ್ರ ಚೆಲ್ಲುತ್ತದೆ. ಚಿಪ್‌ಗೆ ಚಿತ್ರವೂ ಅದೇ, ಕರೆಂಟೂ ಅದೇ. ತಂತಿಯೇ ಬೇಡ. ಚಿಪ್ ರೆಟಿನಾದ ಅಡಿಯಲ್ಲಿ, ಸತ್ತ ಕೋಶಗಳ ಜಾಗದಲ್ಲೇ ಕೂರುತ್ತದೆ. ಸುದ್ದಿಯನ್ನು ಬೇರ್ಪಡಿಸುವ ಕೆಲಸವನ್ನು ಆದಷ್ಟು ಉಳಿದ ಕೋಶಗಳಿಗೇ ಬಿಡುತ್ತದೆ.

ವಯಸ್ಸಾದಂತೆ ನೋಟದ ನಡುಭಾಗ ಕಳೆದುಕೊಂಡವರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2025ರಲ್ಲಿ ಬಂತು. ಒಂದು ವರ್ಷ ಪೂರೈಸಿದ 32 ಜನರಲ್ಲಿ 26 ಮಂದಿ ಚಾರ್ಟಿನಲ್ಲಿ ಮೊದಲಿಗಿಂತ ಜಾಸ್ತಿ ಅಕ್ಷರ ಗುರುತಿಸಿದರು. ಅದೂ ತಿಂಗಳುಗಟ್ಟಲೆ ತರಬೇತಿ ಪಡೆದು, ಕನ್ನಡಕದಲ್ಲಿ ಅಕ್ಷರವನ್ನು ದೊಡ್ಡದು ಮಾಡಿಕೊಂಡು. ಕಾಣುವುದು ಇನ್ನೂ ಕಪ್ಪು ಬಿಳುಪಿನಲ್ಲೇ. ಪಿಕ್ಸೆಲ್‌ಗಳನ್ನು ಇನ್ನೂ ಚಿಕ್ಕದು ಮಾಡುವ ಕೆಲಸ ಈಗ ನಡೆಯುತ್ತಿದೆ.