ಸಿಪಿಕೆ ಅಂಕಿ ಎಲ್ಲಿಂದ ಬಂತು?

ಐದು ವರ್ಷದ ಹುಡುಗ. ಮೀನಖಂಡ ದಪ್ಪ. ನೆಲದಿಂದ ಏಳುವಾಗ ತೊಡೆಗೆ ಕೈಕೊಟ್ಟು ತನ್ನ ಮೈಯನ್ನೇ ಹತ್ತಿದಂತೆ ಏಳುತ್ತಾನೆ. ಇಂಥ ಮಕ್ಕಳ ಫೈಲಿನಲ್ಲಿ 'ಲಿವರ್ ತೊಂದರೆ' ಎಂಬ ಹಳೆಯ ಚೀಟಿ ಇರುವುದುಂಟು. ಲಿವರ್ ಪರೀಕ್ಷೆಯ ಕಿಣ್ವಗಳಾದ ಎಸ್‌ಜಿಓಟಿ, ಎಸ್‌ಜಿಪಿಟಿ ಏರಿದ್ದೇ ಅದಕ್ಕೆ ಕಾರಣ. ಅವೆರಡೂ ಸ್ನಾಯುವಿನಲ್ಲೂ ಇವೆ. ಲಿವರ್‌ನ ಇನ್ನೊಂದು ಕಿಣ್ವವಾದ ಜಿಜಿಟಿ ಸರಿಯಿದ್ದರೆ ಸ್ನಾಯುವಿನ ಕಿಣ್ವ ಸಿಪಿಕೆಯನ್ನು ನೋಡಲೇಬೇಕು.

ಸ್ನಾಯುಕೋಶದ ಪೊರೆ ಹರಿದರೆ ಒಳಗಿನ ಕಿಣ್ವ ರಕ್ತಕ್ಕೆ ಸೋರುತ್ತದೆ. 1949ರಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಆಲ್ಡೊಲೇಸ್ ಎಂಬ ಕಿಣ್ವ. ಅದು ಲಿವರ್, ಕೆಂಪು ರಕ್ತಕಣಗಳಲ್ಲೂ ಇರುವುದರಿಂದ ಆ ಸಾಕ್ಷಿ ಗಟ್ಟಿಯಾಗಲಿಲ್ಲ. 1959ರಲ್ಲಿ ಜಪಾನಿನ ಸೆತ್ಸುರೊ ಎಬಾಶಿ ತಂಡ ಸ್ನಾಯುಕ್ಷಯದ ರೋಗಿಗಳ ಸೀರಮ್‌ನಲ್ಲಿ (ರಕ್ತದ ತಿಳಿಭಾಗದಲ್ಲಿ) ಕ್ರಿಯಾಟಿನ್ ಕೈನೇಸ್, ಅಂದರೆ ಇದೇ ಸಿಪಿಕೆ, ವಿಪರೀತ ಹೆಚ್ಚಿರುವುದನ್ನು ತೋರಿಸಿತು.

ಅಳೆಯುವುದು ಮಾತ್ರ ಸುಲಭವಿರಲಿಲ್ಲ. ಈಗಿನ ಕಿಟ್‌ನಲ್ಲಿ ಸಿಪಿಕೆ ಮೊದಲು ಎಟಿಪಿ ಎಂಬ ಶಕ್ತಿಯ ಅಣುವನ್ನು ಮಾಡುತ್ತದೆ. ಹೆಕ್ಸೊಕೈನೇಸ್ ಎಂಬ ಕಿಣ್ವ ಆ ಎಟಿಪಿಯ ಫಾಸ್ಫೇಟನ್ನು ಗ್ಲೂಕೋಸ್‌ಗೆ ಹಚ್ಚುತ್ತದೆ. ಮೂರನೆಯ ಕಿಣ್ವ ಅದರಿಂದ ಎನ್‌ಎಡಿಪಿಎಚ್ ಎಂಬ ವಸ್ತುವನ್ನು ಹುಟ್ಟಿಸುತ್ತದೆ. ಅದು 340 ನ್ಯಾನೊಮೀಟರ್ ಬೆಳಕನ್ನು ಹೀರುವುದು ಏರುವ ವೇಗವನ್ನು ಯಂತ್ರ ಓದುತ್ತದೆ. ಯಂತ್ರ ಕಾಣುವುದು ಸಿಪಿಕೆಯನ್ನಲ್ಲ, ಅದರ ಮೂರನೆಯ ನೆರಳನ್ನು. ಎಡವಟ್ಟುಗಳ ಬೇರು ಇಲ್ಲಿದೆ. ಸೀರಮ್‌ನಲ್ಲಿ ಕಿಣ್ವದ ಗಂಧಕದ ತುದಿಗಳು ಆಕ್ಸಿಡೀಕರಣಗೊಂಡು ಅದು ಮಂಕಾಗುತ್ತದೆ. 1967ರಲ್ಲಿ ವಿಜ್ಞಾನಿ ರೊಸಾಲ್ಕಿ ಸುಧಾರಿಸಿದ ವಿಧಾನದಲ್ಲಿ ಕಿಣ್ವವನ್ನು ಎಚ್ಚರಿಸುವ ಥಯಾಲ್ (ಗಂಧಕದ ಸಂಯುಕ್ತ) ಸೇರಿತು. ಇಂದು ಆ ಕೆಲಸ ಎನ್-ಅಸಿಟೈಲ್ ಸಿಸ್ಟೀನ್‌ನದು.

ಕೆಂಪು ಕಣಗಳಲ್ಲಿ ಸಿಪಿಕೆ ಇಲ್ಲವೆಂದು ಹಿಮೊಲೈಸ್ ಆದ (ಕೆಂಪು ಕಣ ಒಡೆದ) ಸ್ಯಾಂಪಲ್ ಹಾಕುವವರಿದ್ದಾರೆ. ಆದರೆ ಒಡೆದ ಕಣದಿಂದ ಬರುವ ಅಡೆನೈಲೇಟ್ ಕೈನೇಸ್ ಎಂಬ ಕಿಣ್ವ ತಾನೂ ಎಟಿಪಿ ಮಾಡಿ ಅಂಕಿ ಏರಿಸುತ್ತದೆ. ರೀಏಜೆಂಟ್‌ನಲ್ಲಿ (ಪರೀಕ್ಷೆಯ ರಾಸಾಯನಿಕದಲ್ಲಿ) ಇರುವ ಎಎಂಪಿ ಎಂಬ ವಸ್ತು ಅದನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಪೂರ್ತಿಯಲ್ಲ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಸಿಪಿಕೆಗೆ ಬೇಕಾದ ಮೆಗ್ನೀಸಿಯಂ ಕಸಿದು ಅಂಕಿ ಇಳಿಸುತ್ತದೆ. ಸೀರಮ್‌ಗೆ ಕೆಂಪು ಮುಚ್ಚಳದ್ದು ಬಳಸಿ. ರಾಣೆಬೆನ್ನೂರಿನಿಂದ ಹುಬ್ಬಳ್ಳಿಗೆ ಕಳಿಸುವುದಾದರೆ ಸೀರಮ್ ಬೇರ್ಪಡಿಸಿ, ಬೆಳಕು ತಾಗದಂತೆ ತಂಪಿನಲ್ಲಿಟ್ಟು ಕಳಿಸಿ.

ಗಂಡಸರಲ್ಲಿ ಸಹಜದ ಮೇಲ್ಮಿತಿ ಲೀಟರಿಗೆ ಸುಮಾರು 200ರಿಂದ 300 ಯೂನಿಟ್. ಡುಶೆನ್ ಎಂಬ ಆನುವಂಶಿಕ ಸ್ನಾಯುಕ್ಷಯದ ಹುಡುಗರಲ್ಲಿ 10,000 ದಾಟುವುದು ಸಾಮಾನ್ಯ. ಅಷ್ಟಾದರೆ ರೀಏಜೆಂಟ್ ನಡುವೆಯೇ ಮುಗಿದು ಅಂಕಿ ಸುಳ್ಳಾಗಿ ಕಡಿಮೆ ಬರಬಹುದು. ಸಲೈನ್‌ನಲ್ಲಿ ತೆಳುಮಾಡಿ ಮತ್ತೆ ನಡೆಸಿ, ಗುಣಿಸಬೇಕು. ವಯಸ್ಸಾದಂತೆ, ಗಾಲಿಕುರ್ಚಿ ಹಿಡಿದ ಮೇಲೆ ಅಂಕಿ ಇಳಿದರೆ ಗುಣವಾಯಿತೆಂದಲ್ಲ, ಸೋರಲು ಸ್ನಾಯು ಕಡಿಮೆ ಉಳಿದಿದೆ.

ಗರಡಿಯಲ್ಲಿ ಸಾಮು ಮಾಡಿದವನಿಗೂ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಹೊತ್ತವನಿಗೂ ಕೆಲವು ದಿನ ಸಿಪಿಕೆ ಏರುತ್ತದೆ. ಕುಂಡಿಗೆ ಸೂಜಿ ಮಾಡಿಸಿಕೊಂಡರೂ ಅಷ್ಟೆ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಳಿಗೆ, ಥೈರಾಯ್ಡ್ ಕೊರತೆಯನ್ನೂ ಕೇಳಿ. ಅಂಕಿ ಸ್ವಲ್ಪವೇ ಏರಿದ್ದರೆ ಒಂದು ವಾರ ಭಾರದ ಕೆಲಸ ಬಿಡಿಸಿ, ಆ ವಾರ ಸೂಜಿಮದ್ದು ಕೊಡದೆ, ಮತ್ತೆ ರಕ್ತ ತೆಗೆಯಿರಿ.