ಗುಂಪು ವ್ಯಾಯಾಮ ಮನಸ್ಸಿಗೆ ಕೊಟ್ಟಿದ್ದೆಷ್ಟು?

ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ನಡಿಗೆ ಸುಧಾರಿಸಿದರೆ ಅದನ್ನು ಮೀಟರಿನಲ್ಲಿ ಅಳೆಯಬಹುದು. ಮನಸ್ಸಿಗೆ ಆದ ಲಾಭ ಕಾಣುವುದು, ಬಿಡುವುದು ಮಾತ್ರ ನಾವು ಕೇಳುವ ಪ್ರಶ್ನೆಗಳನ್ನು ಅವಲಂಬಿಸಿದೆ.

ಸ್ಕಾಟ್ಲೆಂಡಿನಲ್ಲಿ ನ್ಯಾನೆಟ್ ಮ್ಯೂಟ್ರಿ ಮತ್ತು ಸಂಗಡಿಗರು 203 ಮಹಿಳೆಯರ ಮೇಲೆ ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಮಾಮೂಲಿ ಚಿಕಿತ್ಸೆಯ ಜೊತೆಗೆ 12 ವಾರಗಳ ಗುಂಪು ವ್ಯಾಯಾಮ. ಕೊನೆಗೆ ಅವರು 12 ನಿಮಿಷದಲ್ಲಿ ಉಳಿದವರಿಗಿಂತ 129 ಮೀಟರ್ ಹೆಚ್ಚು ನಡೆದರು. ಆದರೆ ಮುಖ್ಯ ಅಳತೆಗೋಲಾಗಿದ್ದ, ಕ್ಯಾನ್ಸರ್ ರೋಗಿಗಳ ಜೀವನದ ಗುಣಮಟ್ಟ ಅಳೆಯುವ ಫ್ಯಾಕ್ಟ್-ಜಿ ಪ್ರಶ್ನಾವಳಿಯಲ್ಲಿ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ಸ್ತನ ಕ್ಯಾನ್ಸರಿಗೇ ಮೀಸಲಾದ ಪ್ರಶ್ನೆಗಳಲ್ಲಿ 2.5 ಅಂಕ, ಉಲ್ಲಾಸದ ಮಾಪಕದಲ್ಲಿ 4 ಅಂಕ ಹೆಚ್ಚಿತ್ತು. ಫ್ಯಾಕ್ಟ್-ಜಿಯನ್ನಷ್ಟೇ ಕೇಳಿದ್ದರೆ ಮನಸ್ಸಿಗೆ ಲಾಭವೇ ಇಲ್ಲ ಎಂದು ಬರೆದು ಮುಗಿಸಬೇಕಾಗುತ್ತಿತ್ತು!

ಫ್ಯಾಕ್ಟ್-ಜಿಯ 27 ಪ್ರಶ್ನೆಗಳು ಯಾವ ಕ್ಯಾನ್ಸರಿಗಾದರೂ ಹೊಂದುವಂಥವು. ಮನೆಯವರ ಆಸರೆಯ ಬಗ್ಗೆಯೂ ಕೇಳುತ್ತವೆ; ಅದು ಮೊದಲೇ ಚೆನ್ನಾಗಿರುವವರ ಅಂಕ ಇನ್ನು ಏರಲು ಜಾಗವೇ ಇರುವುದಿಲ್ಲ. ಸ್ತನ ಕ್ಯಾನ್ಸರಿಗೆಂದೇ ಇರುವ ಫ್ಯಾಕ್ಟ್-ಬಿ ಇದಕ್ಕೆ ಸೇರಿಸುವ 10 ಪ್ರಶ್ನೆಗಳು ತೋಳಿನ ಬಾವು, ಕೂದಲು ಉದುರಿದ ಬೇಸರ, ಬಟ್ಟೆ ತೊಡುವಾಗಿನ ಸಂಕೋಚ ಇವನ್ನು ಕೇಳುತ್ತವೆ. ಇಂಥ ಅಧ್ಯಯನ ಮಾಡುವುದಾದರೆ ಎರಡನ್ನೂ ಕೇಳಿ.

ಯಾವ ದಿನ ಕೇಳುತ್ತೀರಿ ಎಂಬುದೂ ಮುಖ್ಯ. ಪ್ರಶ್ನೆಗಳು ಹಿಂದಿನ 7 ದಿನಗಳ ಬಗ್ಗೆ ಇರುತ್ತವೆ. 21 ದಿನಕ್ಕೊಮ್ಮೆ ಕೀಮೋ ಪಡೆಯುವವರನ್ನು ಮೊದಲ ಸಲ ಡೋಸ್‌ನ ಹಿಂದಿನ ದಿನ, ಎರಡನೇ ಸಲ ಡೋಸ್ ಆದ ಐದನೇ ದಿನ ಕೇಳಿದರೆ, ವಾಕರಿಕೆ ಮತ್ತು ಸುಸ್ತಿನಲ್ಲಿ ವ್ಯಾಯಾಮದ ಫಲ ಮುಚ್ಚಿಹೋಗುತ್ತದೆ. ಎರಡೂ ಗುಂಪಿನವರಿಗೆ, ಎಲ್ಲ ಸಲವೂ, ಡೋಸ್ ಕೊಡುವ ದಿನ ಬೆಳಿಗ್ಗೆಯೇ ಕೇಳಿದರೆ ವಾಸಿ. ವ್ಯಾಯಾಮ ಹೇಳಿಕೊಟ್ಟವರೇ ಪ್ರಶ್ನೆ ಓದಿ ಹೇಳಬಾರದು. ಅವರ ಮುಖ ನೋಡಿ ಯಾರೂ 'ಏನೂ ಉಪಯೋಗವಾಗಲಿಲ್ಲ' ಅನ್ನುವುದಿಲ್ಲ.

ಲೈಂಗಿಕ ಜೀವನದ ಪ್ರಶ್ನೆಯನ್ನು ಅನೇಕರು ಖಾಲಿ ಬಿಡುತ್ತಾರೆ. ಅಲ್ಲಿ ಸೊನ್ನೆ ಹಾಕಬೇಡಿ. ಪ್ರಶ್ನಾವಳಿಯಲ್ಲಿ ಅದು ಬರುವ ಭಾಗದ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳಿಗೆ ಉತ್ತರವಿದ್ದರೆ ಸರಾಸರಿ ಹಿಡಿಯಬಹುದು: 7ರಲ್ಲಿ 6ಕ್ಕೆ ಉತ್ತರಿಸಿ 18 ಅಂಕ ಬಂದಿದ್ದರೆ, 18×7÷6, ಅಂದರೆ 21. ಪ್ರತಿ ಉತ್ತರಕ್ಕೂ 0ರಿಂದ 4 ಅಂಕ; ವಾಕರಿಕೆಯಂಥ ನಕಾರಾತ್ಮಕ ಪ್ರಶ್ನೆಗಳ ಅಂಕವನ್ನು 4ರಿಂದ ಕಳೆದು ತಿರುಗಿಸಿಕೊಂಡ ಮೇಲೆಯೇ ಕೂಡಬೇಕು. ನಡುವೆ ಬಿಟ್ಟುಹೋದವರನ್ನೂ ಕರೆದು ಕೇಳಿ. ಹೆಚ್ಚು ಬಳಲಿದವರೇ ಬಿಡುವುದರಿಂದ, ಉಳಿದವರ ಸರಾಸರಿ ತಾನಾಗಿಯೇ ಚೆನ್ನಾಗಿ ಕಾಣುತ್ತದೆ.

ಇಷ್ಟಾದರೂ ಲಾಭ ವ್ಯಾಯಾಮದ್ದೋ ಒಡನಾಟದ್ದೋ ತಿಳಿಯದು. ಸ್ಕಾಟ್ಲೆಂಡಿನ ತರಗತಿಗಳಲ್ಲಿ ಗುಂಪು ಚರ್ಚೆಯೂ ಇತ್ತು. ಎರಡನ್ನೂ ಬಿಡಿಸಿ ನೋಡಬೇಕಾದರೆ ಇನ್ನೂ ಎರಡು ಗುಂಪು ಬೇಕು: ಅದೇ ವ್ಯಾಯಾಮವನ್ನು ಮನೆಯಲ್ಲಿ ಒಬ್ಬರೇ ಮಾಡುವವರದು ಒಂದು, ವ್ಯಾಯಾಮವಿಲ್ಲದೆ ಅಷ್ಟೇ ಹೊತ್ತು ಕೂತು ಮಾತಾಡುವವರದು ಇನ್ನೊಂದು.